ಚಾರ್ಟಿನ ಕಪ್ಪೆಗೂ ಒಂದು ಊರಿರಲಿ

ಅಭ್ಯಾಸ ಬೋಧನೆಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ನಾವೆಲ್ಲ ಒಮ್ಮೆಯಾದರೂ ಗೋಡೆಗೆ ತೂಗುಹಾಕುವ ಚಾರ್ಟ್ ಕಪ್ಪೆಯ ಜೀವನಚಕ್ರದ್ದು. ನೀರಿನಲ್ಲಿ ಮೊಟ್ಟೆ, ಗೊದಮೊಟ್ಟೆ, ಬಾಲವಿರುವ ಮರಿ, ಪ್ರೌಢ ಕಪ್ಪೆ. ನಡುವೆ ನಾಲ್ಕು ಬಾಣ. ಎಂಟನೆಯ ತರಗತಿಯ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಪಾಠಕ್ಕೆ ಇಷ್ಟು ಸಾಕು ಎಂಬುದು ರೂಢಿ. ಸಾಲದು ಎಂಬುದು ನನ್ನ ಅಭಿಪ್ರಾಯ. ಚಾರ್ಟ್ ತಪ್ಪಲ್ಲ, ಆದರೆ ಅದರಲ್ಲಿರುವ ಕಪ್ಪೆಗೆ ಊರಿಲ್ಲ. ಊರಿಲ್ಲದ ಜೀವಿಯಿಂದ ಮಕ್ಕಳು ಹಂತಗಳ ಹೆಸರು ಕಲಿಯುತ್ತಾರೆ. ಆ ಜೀವಿ ಹಾಗೇಕೆ ಬದುಕುತ್ತದೆ ಎಂಬುದನ್ನು ಕಲಿಯುವುದಿಲ್ಲ.

ನಮ್ಮ ರಾಜ್ಯದ್ದೇ ಒಂದು ಕಪ್ಪೆಯನ್ನು ನೋಡೋಣ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಶರಾವತಿ ಕೊಳ್ಳದ ಮಳೆಕಾಡು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ರಾಮಪತ್ರೆ ಜಾತಿಯ ಮರಗಳ ಬೇರುಗಳು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುವ ಜೌಗು ಅಲ್ಲಿದೆ. ಅಂಥ ಕಾಡಿನ ನೆರಳಿನ ತೊರೆಗಳಲ್ಲಿ ಬದುಕುವ ಕಪ್ಪೆಯೊಂದನ್ನು ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಅವರು ಇಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಅಂದರೆ ನಮ್ಮ ಕುಂಬಾರ ಕಪ್ಪೆ.

ಹೆಸರಿಗೆ ಕಾರಣ ಅದರ ಕೆಲಸ. ಹೆಣ್ಣು ನೀರಿನೊಳಗೆ ಮೊಟ್ಟೆ ಇಡುವುದಿಲ್ಲ. ತೊರೆಯ ನೀರಿಗಿಂತ ಮೇಲಿರುವ ಕಡ್ಡಿಗೋ ಬೇರಿಗೋ ಅಂಟಿಸಿ ಹೊರಟುಹೋಗುತ್ತದೆ. ಮುಂದಿನ ಹೊಣೆ ಗಂಡಿನದು. ಅದು ಹಿಂಗಾಲ ಮೇಲೆ ನಿಂತು, ಮುಂಗಾಲುಗಳಿಂದ ತೊರೆಯ ಕೆಸರನ್ನು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲು, ಶತ್ರುಗಳ ಕಣ್ಣಿಗೆ ಬೀಳದಿರಲು ಈ ಲೇಪ ನೆರವಾಗಬಹುದು ಎಂಬುದು ಸಂಶೋಧಕರ ವಿವರಣೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ.

‘ಇದು ಮಲೆನಾಡಿನ ಮಾತು, ಯಲಬುರ್ಗಾ ತಾಲ್ಲೂಕಿನ ಬೇವೂರಿನ ಮಕ್ಕಳಿಗೆ ಇದೇಕೆ?’ ಎಂದು ಮಾರ್ಗದರ್ಶಕ ಗುರುಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪರಿಚಿತದಿಂದ ಅಪರಿಚಿತಕ್ಕೆ ಎಂಬ ಸೂತ್ರವನ್ನು ನಮಗೆ ಕಲಿಸಿದವರು ಅವರೇ. ಆದರೆ ನಮ್ಮ ಮಕ್ಕಳಿಗೆ ಪರಿಚಿತವಾದ ಕಪ್ಪೆಯೂ ಚಾರ್ಟಿನಲ್ಲಿಲ್ಲ. ‘ಬ್ಯಾಸಿಗ್ಯಾಗ ಹಳ್ಳ ಬತ್ತಿದ ಮ್ಯಾಲ ಕಪ್ಪಿ ಎಲ್ಲಿಗ್ ಹೋಗ್ತಾವ್ರೀ ಸರ?’ ಎಂದು ಈ ಭಾಗದ ಮಗು ಕೇಳಿದರೆ ಪಾಠಯೋಜನೆಯಲ್ಲಿ ಉತ್ತರವಿರುವುದಿಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಈ ಎರೆಸೀಮೆಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ.

ಉತ್ತರವೂ ಸೊಗಸಾಗಿದೆ. ಬಯಲುಸೀಮೆಯ ಬಿಲ ತೋಡುವ ಕಪ್ಪೆಯ ಹಿಂಗಾಲಿನ ಪಾದದಲ್ಲಿ ಸಲಿಕೆಯಂಥ ಗಟ್ಟಿ ಉಬ್ಬು ಇರುತ್ತದೆ. ಅದರಿಂದ ಮಣ್ಣು ತೋಡಿಕೊಂಡು ಹಿಂದಕ್ಕೆ ಇಳಿದು, ಒಣ ತಿಂಗಳುಗಳನ್ನು ನೆಲದೊಳಗೆ ಕಳೆಯುತ್ತದೆ. ಮಳೆ ಬಿದ್ದಾಗ ಮೇಲೆ ಬಂದು, ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಹೊಂಡ ಬತ್ತುವುದರೊಳಗೆ ಮರಿಗಳು ಬೆಳೆದು ಹೊರಬರಬೇಕು. ಇಲ್ಲಿ ನೀರೇ ಅವಸರ ಮಾಡಿಸುತ್ತದೆ. ಅಲ್ಲಿ, ಹರಿಯುವ ತೊರೆಯ ಮೇಲೆ, ಗಂಡು ಕುಂಬಾರನಾಗುತ್ತದೆ. ತೊಂದರೆ ಮಾತ್ರ ಎರಡಕ್ಕೂ ಒಂದೇ: ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ಅದು ಒಣಗಬಾರದು. ಈ ಒಂದು ವಾಕ್ಯ ಮಗುವಿಗೆ ಹೊಳೆದರೆ ಆವಾಸ, ಹೊಂದಾಣಿಕೆ, ಸಂತಾನ ಪಾಲನೆ ಮೂರೂ ಒಟ್ಟಿಗೆ ಅರ್ಥವಾಗುತ್ತವೆ.

ಇದಕ್ಕೆ ಹೆಚ್ಚುವರಿ ಅವಧಿ ಬೇಡ, ದುಬಾರಿ ಬೋಧನೋಪಕರಣವೂ ಬೇಡ. ನೆನೆಸಿದ ಸಾಬಕ್ಕಿ ಕಾಳು ನೋಡಲು ಕಪ್ಪೆಯ ಮೊಟ್ಟೆಯಂತೆಯೇ ಇರುತ್ತದೆ. ಕೆಲವನ್ನು ಹಾಗೇ ತಟ್ಟೆಯಲ್ಲಿಡಿ, ಕೆಲವಕ್ಕೆ ಹಸಿ ಎರೆಮಣ್ಣು ಮೆತ್ತಿ ಪಕ್ಕದಲ್ಲಿಡಿ, ಎರಡನ್ನೂ ಕಿಟಕಿಯ ಬಿಸಿಲಿಗೆ ಇಡಿ. ಯಾವುದು ಮೊದಲು ಒಣಗುತ್ತದೆ ಎಂದು ಮಕ್ಕಳು ಮೊದಲು ಊಹಿಸಲಿ, ಮರುದಿನ ಮಣ್ಣು ಬಿಡಿಸಿ ನೋಡಲಿ. ತರಗತಿಯಲ್ಲಿ ಮಡಕೆ ಮಾಡುವ ಮನೆಯ ಮಗುವಿದ್ದರೆ, ಮಣ್ಣು ತೇವವನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಅಂದು ಆ ಮಗುವೇ ನಮಗೆ ಹೇಳಿಕೊಡಲಿ.

ಇದು ಕೇವಲ ಪಾಠ ರಂಜಿಸುವ ಉಪಾಯವಲ್ಲ. ಎಲ್ಲ ಕಪ್ಪೆಯೂ ಒಂದೇ ಎಂದು ಕಲಿತವರಿಗೆ ಕಾಡಿನ ಒಂದು ತೊರೆ ಬತ್ತಿದರೆ ನಷ್ಟವೇನೆಂದು ತಿಳಿಯುವುದಿಲ್ಲ. ಕಪ್ಪೆ ಬೇರೆಲ್ಲಾದರೂ ಇದ್ದೇ ಇರುತ್ತದಲ್ಲ ಎಂದುಕೊಳ್ಳುತ್ತಾರೆ. ಕುಂಬಾರ ಕಪ್ಪೆಗೆ ನೆರಳು ಬೇಕು, ತೊರೆ ಬೇಕು, ಮೆತ್ತಲು ಕೆಸರು ಬೇಕು. ಅವನ್ನು ಬಿಟ್ಟು ನಮ್ಮ ಹೊಂಡಕ್ಕೆ ಬಂದು ಅದು ಬದುಕಲಾರದು. ನಮ್ಮ ಹಳ್ಳದ ದಂಡೆಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಮಣ್ಣಿನೊಳಗೆ ಇಳಿಯುವ ನಮ್ಮ ಕಪ್ಪೆಗೂ ಜಾಗವಿಲ್ಲ.

ಆದ್ದರಿಂದ ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಜೀವಿಯ ಪಾಠಯೋಜನೆ ಬರೆದರೂ ‘ಎಲ್ಲಿಯದು?’ ಎಂಬ ಒಂದು ಸಾಲು ಸೇರಿಸೋಣ. ಗುರುಗಳಲ್ಲಿ ವಿನಂತಿ: ಪಾಠ ವೀಕ್ಷಣೆಯ ನಮೂನೆಯಲ್ಲಿ ಶಿಕ್ಷಕರು ಕೇಳಿದ ಪ್ರಶ್ನೆಗಳಿಗೆ ಅಂಕವಿರುವಂತೆ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದುಕೊಳ್ಳಲೂ ಒಂದು ಅಂಕಣವಿರಲಿ. ಬ್ಯಾಸಿಗೆಯ ಕಪ್ಪೆಯ ಪ್ರಶ್ನೆ ಅಲ್ಲಿ ಮೊದಲ ಸಾಲಿನಲ್ಲೇ ಬರಬೇಕಾದದ್ದು.