ನೊರೆ ನೆಲೆಗೊಳ್ಳುವವರೆಗೆ

‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಮಾತು ಕನ್ನಡಿಗರ ಗುರುತೇ ಆಗಿಬಿಟ್ಟಿದೆ. ಇದನ್ನು ಕೇಳಿ ನಕ್ಕವರುಂಟು, ಬೇಸರಪಟ್ಟವರೂ ಉಂಟು. ಆದರೆ ಈ ಮಾತಿನ ವ್ಯಾಕರಣವನ್ನು ಗಮನಿಸಿದವರು ಕಡಿಮೆ. ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಸಾಮಾನ್ಯವಾಗಿ ಹೊರಗಿನ ವಸ್ತುವೊಂದನ್ನು ಬಯಸುತ್ತದೆ. ತಿರುಪನ್ನೋ ಗಡಿಯಾರವನ್ನೋ ನಾವು ಸರಿಪಡಿಸುತ್ತೇವೆ. ನಮ್ಮ ಭಾಷೆಗೆ ಬಂದಾಗ ಅದರ ಬೆನ್ನಿಗೆ ‘ಕೊಳ್ಳು’ ಸೇರಿತು. ಕ್ರಿಯೆ ಮಾಡುವವನ ಕಡೆಗೇ ತಿರುಗಿತು. ಸರಿಪಡಿಸಬೇಕಾದದ್ದು ನಮ್ಮನ್ನು ಎಂದಾಯಿತು. ಉದ್ಯೋಗದ ನಿಮಿತ್ತ ಮೊದಲು ತಿರುವನಂತಪುರದಲ್ಲೂ ಈಗ ಕೊಚ್ಚಿಯಲ್ಲೂ ನೆಲೆಸಿರುವ ನನಗೆ ಈ ವ್ಯತ್ಯಾಸದ ಬೆಲೆ ತಿಳಿದದ್ದು ಉಪ್ಪುನೀರಿನ ಮೀನುತೊಟ್ಟಿಯ ಬಳಿಯಲ್ಲಿ, ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರದ ದೆಸೆಯಿಂದ.

ಈ ಯಂತ್ರದ ಪರಿಚಯವಿಲ್ಲದವರು ನಮ್ಮ ಆಲೆಮನೆಯನ್ನು ನೆನೆದರೆ ಸಾಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕಲ್ಮಷವೆಲ್ಲ ನೊರೆಯೊಡನೆ ಮೇಲೆ ಬರುತ್ತದೆ. ಬೆಲ್ಲ ಮಾಡುವವನು ಅದನ್ನು ಜಾಲರಿಯಿಂದ ತೆಗೆದುಹಾಕುತ್ತಾನೆ. ಸ್ಕಿಮ್ಮರ್ ಇದೇ ಕೆಲಸವನ್ನು ಬೆಂಕಿಯಿಲ್ಲದೆ ಮಾಡುತ್ತದೆ. ತೊಟ್ಟಿಯ ಕೆಳಗಿನ ಸಂಪಿನಲ್ಲಿ ನಿಂತ ಕೊಳವೆಯೊಳಕ್ಕೆ ಪಂಪೊಂದು ನೀರನ್ನೂ ಗಾಳಿಯನ್ನೂ ಬೆರೆಸಿ ನೂಕುತ್ತದೆ. ಅಸಂಖ್ಯ ಸಣ್ಣ ಗುಳ್ಳೆಗಳು ಮೇಲೇರುತ್ತವೆ. ಮೀನಿನ ಮಲ, ಉಳಿದ ಆಹಾರ, ಪಾಚಿಯ ಸ್ರಾವ ಇವುಗಳಿಂದ ಬಂದ ಪ್ರೋಟೀನಿನಂಥ ಅಣುಗಳಲ್ಲಿ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಅಂಥ ಅಣುವಿಗೆ ಗಾಳಿ ಮತ್ತು ನೀರು ಸಂಧಿಸುವ ಗುಳ್ಳೆಯ ಮೈಯೇ ತಕ್ಕ ಜಾಗ. ಅಲ್ಲಿ ಅಂಟಿ, ನೊರೆಯಾಗಿ ಕತ್ತಿನವರೆಗೆ ಏರಿ, ಮೇಲಿನ ಬಟ್ಟಲಿಗೆ ಬೀಳುತ್ತದೆ. ಕೊಳೆತು ಅಮೋನಿಯಾ ಆಗುವ ಮೊದಲೇ ಕಸದ ಒಂದಂಶ ನೀರಿನಿಂದ ಹೊರಬೀಳುತ್ತದೆ.

ಈ ಉಪಾಯಕ್ಕೆ ಉಪ್ಪು ಬೇಕು. ಸಿಹಿನೀರಿನಲ್ಲಿ ಗುಳ್ಳೆಗಳು ಒಂದನ್ನೊಂದು ಕೂಡಿ ದೊಡ್ಡದಾಗಿ ಒಡೆದುಹೋಗುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಕಡಲ ನೀರಿನಲ್ಲಿ ಅವು ಕೂಡಿಕೊಳ್ಳದೆ ಸಣ್ಣದಾಗಿಯೇ ಉಳಿಯುತ್ತವೆ. ಮಳೆಗಾಲದಲ್ಲಿ ಕೋವಳಂ ಅಥವಾ ಫೋರ್ಟ್ ಕೊಚ್ಚಿಯ ದಡದಲ್ಲಿ ಅಲೆಗಳು ಬಿಟ್ಟುಹೋಗುವ ಕಂದು ಛಾಯೆಯ ನೊರೆಯಲ್ಲೂ ಇದೇ ಕೆಲಸ ನಡೆದಿರುತ್ತದೆ. ನಮ್ಮ ಶರಣರೂ ದಾಸರೂ ನೀರಗುಳ್ಳೆಯನ್ನು ಬಾಳಿನ ನಶ್ವರತೆಗೆ ಹೋಲಿಸಿದರು. ಅದು ನಿಜವೇ; ಆದರೆ ಆ ಕ್ಷಣಿಕ ಗುಳ್ಳೆ ಒಡೆಯುವ ಮುನ್ನ ಒಂದು ಹೊರೆಯನ್ನೂ ಹೊತ್ತು ತಂದಿರುತ್ತದೆ.

ಹೊಸ ಸ್ಕಿಮ್ಮರ್ ಮಾತ್ರ ತಂದ ದಿನವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ತಯಾರಿಕೆಯಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿದ ಜಿಡ್ಡು ತೊಳೆದುಹೋಗಿ, ಒಳಮೈಯಲ್ಲಿ ತೆಳುವಾದ ಜೈವಿಕ ಪೊರೆ ಕೂಡುವವರೆಗೆ ನೊರೆ ನೆಲೆಗೊಳ್ಳದು. ಇದಕ್ಕೆ ಕೆಲವು ದಿನಗಳಿಂದ ಎರಡು ವಾರಗಳವರೆಗೆ ಬೇಕು. ಅಲ್ಲಿಯವರೆಗೆ ಅದು ಒಂದು ದಿನ ಬಟ್ಟಲು ತುಂಬಿ ಹೊರಚೆಲ್ಲುತ್ತದೆ, ಮರುದಿನ ನೊರೆಯೇ ಬಾರದೆ ಸುಮ್ಮನಿರುತ್ತದೆ, ಮತ್ತೊಂದು ದಿನ ಸೂಕ್ಷ್ಮ ಗುಳ್ಳೆಗಳನ್ನು ತೊಟ್ಟಿಗೇ ಕಳಿಸುತ್ತದೆ. ಮಾಡಬೇಕಾದದ್ದು ಸರಳ. ಸಂಪಿನ ನೀರಿನ ಆಳ ತಯಾರಕರು ಹೇಳಿದಷ್ಟೇ ಇರಬೇಕು ಮತ್ತು ಏರಿಳಿಯಬಾರದು. ಆವಿಯಾಗಿ ಇಂಗಿದ ನೀರನ್ನು ದಿನವೂ ತುಂಬಬೇಕು. ಹೊರಹರಿವಿನ ಕವಾಟವನ್ನು ಮುಚ್ಚಿದಷ್ಟೂ ಒಳಗಿನ ನೀರಿನ ಮಟ್ಟ ಏರುತ್ತದೆ. ಆದ್ದರಿಂದ ಮೊದಲು ಅದನ್ನು ಪೂರ್ತಿ ತೆರೆದಿಟ್ಟು, ನೊರೆ ಹದಕ್ಕೆ ಬಂದಮೇಲೆ ಕೂದಲೆಳೆಯಷ್ಟು ತಿರುಗಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಬೇಕು. ಬಟ್ಟಲಿನ ದ್ರವ ತೆಳು ಚಹಾದ ಬಣ್ಣದಲ್ಲಿದ್ದರೆ ನೀರು ಹೆಚ್ಚು ಬರುತ್ತಿದೆ ಎಂದರ್ಥ. ಮಲಯಾಳಿಗಳ ಕಟ್ಟನ್ ಚಾಯದಷ್ಟು ಗಾಢವಾದರೆ ಸಾಮಾನ್ಯವಾಗಿ ಹದ ಬಂದಿದೆ ಎಂದು ತಿಳಿಯಬಹುದು.

ಕಷ್ಟವಿರುವುದು ಈ ‘ಬಿಟ್ಟು ನೋಡುವ’ ಕೆಲಸದಲ್ಲಿ. ಬೆಳಗ್ಗೆ ಚೆಲ್ಲಿದ್ದಕ್ಕೆ ಕವಾಟ ತೆರೆದು, ಸಂಜೆ ನೊರೆಯಿಲ್ಲವೆಂದು ಮುಚ್ಚಿ, ರಾತ್ರಿ ಮತ್ತೆ ತೆರೆದವನಿಗೆ ಯಾವ ಬದಲಾವಣೆಯಿಂದ ಯಾವ ಪರಿಣಾಮವಾಯಿತೆಂಬುದೇ ತಿಳಿಯದು. ಅಷ್ಟೇ ಅಲ್ಲ, ಪದೇ ಪದೇ ನೀರಿಗಿಳಿಯುವ ಕೈಯ ಎಣ್ಣೆಯಂಶವೇ ನೊರೆಯನ್ನು ಕೆಲಗಂಟೆಗಳ ಕಾಲ ಕುಸಿಯುವಂತೆ ಮಾಡಬಲ್ಲದು. ಎಣ್ಣೆಭರಿತ ಮೀನಾಹಾರವೂ ಹಾಗೆಯೇ. ಕಾಯಿಲೆಯ ಕಾರಣ ವೈದ್ಯನ ಕೈಯೇ ಆಗಿರುವ ಪ್ರಸಂಗವಿದು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಇದು ಹೊಸದಲ್ಲ. ವರ್ಗವಾಗಿ ಬಂದ ಅಧಿಕಾರಿ ಮೊದಲ ವಾರದಲ್ಲೇ ಕಡತಗಳ ದಾರಿಯನ್ನೆಲ್ಲ ಬದಲಿಸಿದರೆ ಏನಾಗುತ್ತದೆಂದು ನಾವು ಬಲ್ಲೆವು. ಹದಿನೈದು ದಿನ ಸುಮ್ಮನೆ ನೋಡಿ ಆಮೇಲೆ ಒಂದೇ ಒಂದು ಸುತ್ತೋಲೆ ಹೊರಡಿಸುವವರನ್ನೂ ಬಲ್ಲೆವು.

‘ದುಬಾರಿ ಯಂತ್ರ ಕೊಂಡರೆ ಈ ತಾಪತ್ರಯವಿಲ್ಲ’ ಎಂಬ ವಾದವುಂಟು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರಲ್ಲಿ ಪ್ರಕಟಿಸಿದ ಅಳತೆಗಳು ಈ ನಂಬಿಕೆಯನ್ನು ಅಲುಗಿಸುತ್ತವೆ. ಅವರು ಪರೀಕ್ಷಿಸಿದ ಸ್ಕಿಮ್ಮರುಗಳು ನೀರಿನಲ್ಲಿ ಅಳೆಯಬಹುದಾದ ಸಾವಯವ ಇಂಗಾಲದಲ್ಲಿ ತೆಗೆದದ್ದು ಸುಮಾರು 20ರಿಂದ 30 ಶೇಕಡಾ ಮಾತ್ರ. ಉಳಿದದ್ದಕ್ಕೆ ಬೇರೆ ಹೊಣೆಗಾರರು ಬೇಕು: ಕಲ್ಲು ಮರಳುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾ, ಕಾಲಕಾಲಕ್ಕೆ ನೀರು ಬದಲಿಸುವ ಯಜಮಾನ, ಮಿತವಾಗಿ ಆಹಾರ ಹಾಕುವ ಕೈ. ಸ್ಕಿಮ್ಮರ್ ಇದೆಯೆಂದು ಮೀನುಗಳನ್ನು ತುಂಬುವುದು, ಜಾಡಮಾಲಿ ಇದ್ದಾನೆಂದು ಬೀದಿಯಲ್ಲಿ ಕಸ ಎಸೆಯುವ ನಮ್ಮ ನಾಗರಿಕ ಬುದ್ಧಿಯ ಇನ್ನೊಂದು ರೂಪ.

ಮೀನಿನ ಜೀವದ ಪ್ರಶ್ನೆ ಬರುವುದು ಇಲ್ಲಿಯೇ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸ್ಕಿಮ್ಮರ್ ಹದಕ್ಕೆ ಬರುವುದೂ ಈ ಅವಧಿಯೊಳಗೇ. ಆದರೂ ತೊಟ್ಟಿ, ಯಂತ್ರ, ಮೀನು ಮೂರನ್ನೂ ಒಂದೇ ಸಂಜೆ ಮಾರುವ ಅಂಗಡಿಗಳಿವೆ. ಮಕ್ಕಳು ಕಾಯಲಾರರೆಂದು ಒಂದೇ ಸಂಜೆ ಕೊಳ್ಳುವ ತಂದೆತಾಯಿಯರೂ ಇದ್ದಾರೆ. ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ನೇರವಾಗಿ ಹಿಡಿದು ತಂದವು. ಅಂಥ ಜೀವವೊಂದು ಸಿದ್ಧವಾಗದ ನೀರಿನಲ್ಲಿ ಒಂದು ವಾರ ಒದ್ದಾಡಿ ಸತ್ತರೆ, ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ದಿಬ್ಬದಲ್ಲಿ ಒಂದು ಕಡಿಮೆಯಾಗಿರುತ್ತದೆ.

ದಾರಿ ಇಲ್ಲವೆಂದಲ್ಲ, ಅದು ಕೇರಳದಲ್ಲೇ ಇದೆ. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಧಾನ ಕಚೇರಿ ಕೊಚ್ಚಿಯಲ್ಲಿದೆ. ತಿರುವನಂತಪುರದ ಬಳಿಯ ವಿಳಿಂಜಂನಲ್ಲೂ ತಮಿಳುನಾಡಿನ ಮಂಡಪಂನಲ್ಲೂ ಇರುವ ಅದರ ಕೇಂದ್ರಗಳು ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನಗಳನ್ನು ರೂಪಿಸಿವೆ. ಹಾಗೆ ಹುಟ್ಟಿದ ಮೀನು ಕೇಳಿ ಪಡೆಯುವುದು ನಮ್ಮ ಹೊಣೆ. ದಿಬ್ಬ ಕಟ್ಟುವ ಹವಳಗಳೂ ಕಡಲ್ಗುದುರೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ; ಅವುಗಳ ಆಸೆಯನ್ನು ಬಿಡಲೇಬೇಕು. ಮತ್ತು ಅಂಗಡಿಯವರು ತೊಟ್ಟಿ ಮಾರಿದ ದಿನ ಮೀನು ಮಾರಬಾರದು. ಆರು ವಾರದ ನಂತರ ಗಿರಾಕಿ ತನ್ನ ನೀರಿನ ಪರೀಕ್ಷೆಯ ಫಲಿತಾಂಶ ತಂದು ತೋರಿಸಲಿ. ವ್ಯಾಪಾರಕ್ಕೆ ಇದರಿಂದ ನಷ್ಟವಿಲ್ಲ. ಮೊದಲ ತಿಂಗಳೇ ಮೀನು ಸತ್ತು ತೊಟ್ಟಿಯನ್ನು ಅಟ್ಟಕ್ಕೇರಿಸುವ ಗಿರಾಕಿಗಿಂತ, ಹತ್ತು ವರ್ಷ ಮೀನು ಸಾಕುವ ಗಿರಾಕಿಯೇ ಲಾಭ.

‘ಕೊಳ್ಳು’ ಎಂಬುದಕ್ಕೆ ಖರೀದಿಸು ಎಂಬ ಅರ್ಥವೂ ಇದೆ. ಸಮುದ್ರದ ಒಂದು ತುಣುಕನ್ನು ಗಾಜಿನ ಗೋಡೆಗಳ ನಡುವೆ ತಂದು ಇಡಬಯಸುವವರು ಈ ಕ್ರಿಯಾಪದದ ಎರಡೂ ಅರ್ಥಗಳನ್ನು ಅನುಕ್ರಮವಾಗಿ ನಡೆಸಬೇಕು: ಮೊದಲು ಹೊಂದಿಕೊಳ್ಳುವುದು, ಮೀನು ಕೊಳ್ಳುವುದು ಅನಂತರ. ಆ ಆರು ವಾರಗಳಲ್ಲಿ ತೊಟ್ಟಿ ಖಾಲಿಯಾಗಿ ಕಾಣುತ್ತದೆ, ನಿಜ. ಬಂದ ನೆಂಟರು ‘ಮೀನೆಲ್ಲಿ?’ ಎಂದು ಕೇಳುತ್ತಾರೆ. ‘ನೀರು ಇನ್ನೂ ಸಿದ್ಧವಾಗಿಲ್ಲ’ ಎಂದು ಉತ್ತರಿಸುವಷ್ಟು ಸಂಕೋಚವನ್ನು ನಾವು ತಾಳಿಕೊಂಡರೆ ಸಾಕು.