ಮನೆಯೊಡತಿಗೂ ಬಿಡುವು ಬೇಕು

ಬಾಗಲಕೋಟೆ ಜಿಲ್ಲೆಯ ಸಮೀರವಾಡಿ ಎಂದರೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಂತಹ ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತವೆ. ಹಂಗಾಮು ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಹೊಸದನ್ನು ಜೋಡಿಸುತ್ತಾರೆ. ಓಡುತ್ತಿರುವ ಯಂತ್ರವನ್ನು ಸುಧಾರಿಸಲು ಸಾಧ್ಯವಿಲ್ಲ. ಸಮೀರವಾಡಿಯಲ್ಲಿ ಇಂದು ಸಕ್ಕರೆಯ ಜೊತೆಗೆ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಎಥನಾಲ್ ತಯಾರಾಗುತ್ತದೆ. ಕಬ್ಬಿನ ಬೇಸಾಯದ ಬಗ್ಗೆ ಪ್ರಯೋಗ ನಡೆಸಲೆಂದೇ ಕೆ.ಜೆ. ಸೋಮಯ್ಯ ಸಂಶೋಧನಾ ಸಂಸ್ಥೆಯೂ ಅಲ್ಲಿದೆ. ಯೋಚಿಸಲು, ಪರೀಕ್ಷಿಸಿ ನೋಡಲು ಸಮಯ ಮೀಸಲಿಟ್ಟಲ್ಲಿ ಮಾತ್ರ ಹೊಸತು ಹುಟ್ಟುತ್ತದೆ.

ಸಹೋದರಿಯರೇ, ಈಗ ಪಾಳಿಗೆ ಹೋಗುವವರ ಮನೆಯತ್ತ ನೋಡಿ. ಬೆಳಗಿನ ಪಾಳಿಯವರಿಗೆ ನಸುಕಿನಲ್ಲೇ ರೊಟ್ಟಿ, ಪಲ್ಯ ಸಿದ್ಧವಾಗಬೇಕು. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುವಾಗ ಮಕ್ಕಳನ್ನು ಸುಮ್ಮನಿರಿಸಬೇಕು. ಪತಿಯ ಪಾಳಿಗೆ ಒಂದು ಕೊನೆಯಿದೆ. ಪತ್ನಿಯ ಕೆಲಸಕ್ಕೆ ಪಾಳಿಯೂ ಇಲ್ಲ, ಹಂಗಾಮು ಮುಗಿಯುವುದೂ ಇಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ.

ಹೆಣ್ಣಿಗೆ ಬಿಡುವು ಸಿಕ್ಕರೆ ಏನಾಗುತ್ತದೆ? ಬಂಗಾಳದ ಬೇಗಂ ರುಖಿಯಾ ಸಖಾವತ್ ಹುಸೇನ್‌ರನ್ನು ನೋಡಿ. ಸರಕಾರಿ ಅಧಿಕಾರಿಯಾಗಿದ್ದ ಪತಿ ಪ್ರವಾಸಕ್ಕೆ ಹೋಗಿದ್ದಾಗ, ಹೊತ್ತು ಕಳೆಯಲೆಂದು ಅವರು ಒಂದು ಕಥೆ ಬರೆದರು. ಅದೇ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾದ 'ಸುಲ್ತಾನಾಳ ಕನಸು'. ಆ ಕಥೆಯ ನಾಡಿನಲ್ಲಿ ಕಚೇರಿಯ ಕೆಲಸ ದಿನಕ್ಕೆ ಎರಡೇ ಗಂಟೆ. ಅಲ್ಲಿನ ವಿದ್ಯಾವಂತ ಸ್ತ್ರೀಯರು ಮೋಡಗಳಿಂದ ನೀರು ಸಂಗ್ರಹಿಸುತ್ತಾರೆ. ಬಿಸಿಲಿನ ಶಾಖದಿಂದ ಅಡುಗೆಯಾಗುವುದರಿಂದ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ. ಸೌರ ಒಲೆ ನಮ್ಮ ಮನೆಗಳಿಗೆ ಪರಿಚಯವಾಗುವ ಎಷ್ಟೋ ವರ್ಷಗಳ ಮೊದಲಿನ ಕಲ್ಪನೆಯಿದು! ಮುಂದೆ 1911ರಲ್ಲಿ ಅದೇ ರುಖಿಯಾ ಕಲ್ಕತ್ತಾದಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸತೊಡಗಿದರು.

ಬಿಡುವು ಸಿಕ್ಕವರೆಲ್ಲ ಕಥೆ ಬರೆಯುವುದಿಲ್ಲ, ನಿಜ. ಅದು ಟಿ.ವಿ., ಮೊಬೈಲುಗಳ ಪಾಲಾಗುವುದೂ ಉಂಟು. ಆದರೆ ದಣಿದ ದೇಹಕ್ಕೆ ಮೊದಲು ವಿಶ್ರಾಂತಿ ಬೇಕು. ವಿಶ್ರಾಂತಿಯ ನಂತರವೇ ಹೊಸ ಹೊಲಿಗೆಯೋ, ಹೊಸ ಪುಸ್ತಕವೋ, ನಾಲ್ಕು ಕಾಸು ತರುವ ಸಣ್ಣ ಉದ್ಯೋಗವೋ ನೆನಪಾಗುವುದು.

ಆದ್ದರಿಂದ ಮನೆಯವರೆಲ್ಲ ಕುಳಿತು ಮಾತನಾಡಿ. ದಿನಕ್ಕೆ ಒಂದು ಗಂಟೆಯನ್ನು ನಿಮ್ಮದೆಂದು ಗೊತ್ತುಪಡಿಸಿಕೊಳ್ಳಿ. ಆ ಹೊತ್ತಿನಲ್ಲಿ ಚಹಾ ಮಾಡುವುದು, ಪಾತ್ರೆ ತೊಳೆಯುವುದು ಗಂಡುಮಕ್ಕಳಿಗೂ ಬರಲಿ. ಮಗ ಓದುತ್ತಿದ್ದಾನೆಂದು ಅವನನ್ನು ಬಿಟ್ಟು, ಓದುತ್ತಿರುವ ಮಗಳನ್ನೇ ಅಡುಗೆಮನೆಗೆ ಕರೆಯುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಇಂದು ಕರೆಯುವ ಮುನ್ನ ಒಮ್ಮೆ ಯೋಚಿಸಿ.