ಹೊರದೇಶದಲ್ಲಿ ಹೆರಿಗೆ: ಹುಟ್ಟಿದ ನೆಲವೇ ಮಗುವಿನ ದೇಶವಾಗುತ್ತದೆಯೇ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಚೊಚ್ಚಲ ಹೆರಿಗೆ ಎಂದರೆ ತವರಿನ ಜವಾಬ್ದಾರಿ. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಮಗಳನ್ನು ಕರೆತರುತ್ತಾರೆ. ಬಾಣಂತನ ಮುಗಿದ ಮೇಲೆ ಕೂಸಿನ ಜೊತೆ ಕಳಿಸುತ್ತಾರೆ. ಮಗಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಈ ಲೆಕ್ಕ ಸರಳ. ಡಲ್ಲಾಸ್, ಲಂಡನ್, ಮ್ಯೂನಿಕ್ ಅಥವಾ ದುಬೈಯಲ್ಲಿದ್ದರೆ ಮನೆಯಲ್ಲಿ ದೊಡ್ಡ ಚರ್ಚೆಯೇ ಶುರುವಾಗುತ್ತದೆ. "ಅಲ್ಲೇ ಹಡೀಲಿ ಬಿಡ್ರಿ, ಕೂಸಿಗೆ ಆ ದೇಶದ ಪಾಸ್‌ಪೋರ್ಟ್ ಸಿಗತೈತಿ" ಎನ್ನುವವರು ಒಬ್ಬರಾದರೂ ಇರುತ್ತಾರೆ. "ಸಿಗಲಿಲ್ಲಂದ್ರೂ ಚಿಂತಿಲ್ಲ, ಅವ್ವ-ಅಪ್ಪ ನಮ್ಮವರು, ಕೂಸೂ ನಮ್ಮ ದೇಶದ್ದ" ಎಂದು ಇನ್ನೊಬ್ಬರು ಸೇರಿಸುತ್ತಾರೆ.

ಇವೆರಡೂ ಅರ್ಧ ನಿಜಗಳು. ಮೊದಲನೆಯದು ಕೆಲವು ದೇಶಗಳಲ್ಲಿ ಮಾತ್ರ ಸರಿ. ಎರಡನೆಯದು 2004ರ ಡಿಸೆಂಬರ್‌ನಿಂದ ಈಚೆಗೆ ಸರಿಯಲ್ಲ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿ ಎರಡನೆಯದೇ. ಏಕೆಂದರೆ ಅದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ.

ನೆಲ ಪೌರತ್ವ ಕೊಡುವ ದೇಶಗಳು ಎಷ್ಟು?

ಅಮೆರಿಕ ಮತ್ತು ಕೆನಡಾದಲ್ಲಿ ರಾಜತಾಂತ್ರಿಕರ ಮಕ್ಕಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಕೊಡುವ ಪದ್ಧತಿ ಬಹಳ ಹಳೆಯದು. ನಮ್ಮವರು ಹೆಚ್ಚಾಗಿ ಹೋಗುವ ಉಳಿದ ದೇಶಗಳಲ್ಲಿ ಹಾಗಿಲ್ಲ. ಬ್ರಿಟನ್ ಈ ಪದ್ಧತಿಯನ್ನು 1983ರ ಜನವರಿ 1ರಿಂದಲೇ ಕೈಬಿಟ್ಟಿತು. ಈಗ ತಂದೆ ಅಥವಾ ತಾಯಿ ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿ ಪಡೆದಿರಬೇಕು. ಆಸ್ಟ್ರೇಲಿಯಾ 1986ರಲ್ಲಿ, ಐರ್ಲೆಂಡ್ 2005ರಲ್ಲಿ ನಿಯಮ ಬಿಗಿ ಮಾಡಿದವು. ಜರ್ಮನಿಯಲ್ಲಿ ಹೆತ್ತವರಲ್ಲಿ ಒಬ್ಬರು ಐದು ವರ್ಷ ಕಾನೂನುಬದ್ಧವಾಗಿ ವಾಸವಿದ್ದು ಶಾಶ್ವತ ವಾಸದ ಹಕ್ಕು ಪಡೆದಿರಬೇಕು. 2024ರ ಜೂನ್‌ಗಿಂತ ಮೊದಲು ಇದು ಎಂಟು ವರ್ಷವಿತ್ತು. ಕೊಲ್ಲಿ ದೇಶಗಳಲ್ಲಿ ಪ್ರಶ್ನೆಯೇ ಇಲ್ಲ. ಅಲ್ಲಿ ಇಪ್ಪತ್ತು ವರ್ಷ ದುಡಿದ ಭಾರತೀಯ ದಂಪತಿಯ ಮಗುವೂ ಭಾರತೀಯ ದಾಖಲೆಯ ಮೇಲೆಯೇ ಇರಬೇಕು.

ಅಂದರೆ ಎರಡು ವರ್ಷದ ಹಿಂದೆ ಕೆಲಸದ ವೀಸಾ ಮೇಲೆ ಲಂಡನ್ನಿಗೆ ಹೋದ ದಂಪತಿಗೆ ಅಲ್ಲಿ ಕೂಸು ಹುಟ್ಟಿದರೆ ಅದು ಬ್ರಿಟಿಷ್ ಪ್ರಜೆಯಲ್ಲ. ಹಾಗಾದರೆ ಅದು ಯಾವ ದೇಶದ್ದು?

ಒಂದು ವರ್ಷದ ಗಡುವು

ಭಾರತದ 1955ರ ಪೌರತ್ವ ಕಾಯ್ದೆಯ 4ನೇ ಕಲಂ ಇದಕ್ಕೆ ಉತ್ತರ ಕೊಡುತ್ತದೆ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗು, ಹೆತ್ತವರು ಭಾರತೀಯರು ಎಂಬ ಒಂದೇ ಕಾರಣಕ್ಕೆ ಭಾರತೀಯ ಪ್ರಜೆಯಾಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅದರ ಜನನವನ್ನು ನೋಂದಾಯಿಸಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆಸ್ಪತ್ರೆಯ ಅಥವಾ ಅಲ್ಲಿನ ನಗರಸಭೆಯ ಜನನ ಪ್ರಮಾಣಪತ್ರ ಈ ನೋಂದಣಿಗೆ ಸಮವಲ್ಲ. ಅದು ನೋಂದಣಿಗೆ ಬೇಕಾದ ಕಾಗದಗಳಲ್ಲಿ ಒಂದು, ಅಷ್ಟೆ.

ನೋಂದಣಿ ಮಾಡಿಸದಿದ್ದರೆ ಏನಾಗುತ್ತದೆ ಎಂಬುದು ಬರಿಯ ಊಹೆಯಲ್ಲ. 2017ರಲ್ಲಿ ಲಂಡನ್ನಿನ ಹೈಕೋರ್ಟ್ ಮುಂದೆ ಇಂಥ ಪ್ರಕರಣ ಬಂತು. ಬ್ರಿಟನ್ನಿನಲ್ಲಿ ಭಾರತೀಯ ಪೋಷಕರಿಗೆ ಹುಟ್ಟಿದ ಮಗುವಿನ ಜನನವನ್ನು ಭಾರತೀಯ ಕಚೇರಿಯಲ್ಲಿ ನೋಂದಾಯಿಸಿರಲಿಲ್ಲ. ನ್ಯಾಯಾಲಯ ಭಾರತದ ಇದೇ 4ನೇ ಕಲಮನ್ನು ಓದಿ, ಮಗು ಭಾರತದ ಪ್ರಜೆಯೂ ಅಲ್ಲ, ಬ್ರಿಟನ್ನಿನ ಪ್ರಜೆಯೂ ಅಲ್ಲ, ಯಾವ ದೇಶಕ್ಕೂ ಸೇರದ ಮಗು ಎಂದು ಹೇಳಿತು. ಆ ದಾರಿ ಹಿಡಿದು ಮಕ್ಕಳಿಗೆ ಬ್ರಿಟಿಷ್ ಪೌರತ್ವ ಕೇಳುವವರು ಹೆಚ್ಚಾದಾಗ ಬ್ರಿಟನ್ 2022ರ ಕಾಯ್ದೆಯಲ್ಲಿ ಅದನ್ನೂ ಬಿಗಿಗೊಳಿಸಿತು. ಆದ್ದರಿಂದ "ನೋಂದಣಿ ಮಾಡಿಸದೆ ಬಿಟ್ಟರೆ ಲಾಭ ಐತಿ" ಎಂದು ಯಾರಾದರೂ ಸಲಹೆ ಕೊಟ್ಟರೆ ನಂಬಬೇಡಿ.

ಊರಿನ ಹಿರಿಯರು ಮೊಮ್ಮಗುವಿನ ಫೋಟೊ ಕೇಳುವ ಹಾಗೆಯೇ "ಎಂಬಸಿ ನೋಂದಣಿ ಆತೇನು?" ಎಂದೂ ಒಮ್ಮೆ ಕೇಳುವುದು ಒಳ್ಳೆಯದು. ಬಾಣಂತನದ ನಿದ್ದೆಗೇಡಿನಲ್ಲಿ ವರ್ಷ ಉರುಳಿದ್ದು ತಿಳಿಯುವುದಿಲ್ಲ.

ಅಮೆರಿಕದ ಮಾತು ಬೇರೆ, ಆದರೆ ಎಷ್ಟು ಬೇರೆ?

ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೇ ತಿದ್ದುಪಡಿ ಮತ್ತು 1898ರ ಸುಪ್ರೀಂ ಕೋರ್ಟ್ ತೀರ್ಪಿನ ಬಲದ ಮೇಲೆ ಅಲ್ಲಿ ಹುಟ್ಟಿದ ಭಾರತೀಯರ ಮಕ್ಕಳು ಇಷ್ಟು ವರ್ಷ ಅಮೆರಿಕದ ಪ್ರಜೆಗಳಾಗಿದ್ದಾರೆ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಇದನ್ನೇ ಪ್ರಶ್ನಿಸಿತು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಅಮೆರಿಕದ ಪ್ರಜೆಯೂ ಅಲ್ಲದೆ ಗ್ರೀನ್ ಕಾರ್ಡ್ ಹೊಂದಿದವರೂ ಅಲ್ಲದಿದ್ದರೆ ಮಗುವಿಗೆ ಪೌರತ್ವ ಇಲ್ಲ ಎಂಬುದು ಅದರ ಸಾರ. ಎಚ್-1ಬಿ ವೀಸಾದ ಮೇಲಿರುವ ಕುಟುಂಬಗಳಿಗೆ ಇದು ನೇರವಾಗಿ ತಟ್ಟುವ ಮಾತು. ಕೆಳಹಂತದ ನ್ಯಾಯಾಲಯಗಳು ಆದೇಶಕ್ಕೆ ತಡೆ ಕೊಟ್ಟವು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು. ನಿಮ್ಮ ಹೆರಿಗೆಯ ದಿನಕ್ಕೆ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ವಾಟ್ಸಾಪ್ ಸಂದೇಶದಿಂದಲ್ಲ, ವಲಸೆ ವಕೀಲರಿಂದ ತಿಳಿದುಕೊಳ್ಳಿ.

ಇನ್ನು ಪ್ರವಾಸಿ ವೀಸಾದಲ್ಲಿ ಹೋಗಿ ಹಡೆದು ಬರುವ ಯೋಚನೆ. 2020ರ ಜನವರಿಯ ನಿಯಮದಂತೆ, ಮಗುವಿಗೆ ಪೌರತ್ವ ಕೊಡಿಸುವುದೇ ಪ್ರಯಾಣದ ಮುಖ್ಯ ಉದ್ದೇಶ ಎಂದು ಅಧಿಕಾರಿಗೆ ಅನಿಸಿದರೆ ವೀಸಾ ನಿರಾಕರಿಸಬಹುದು. ಉದ್ದೇಶ ಮುಚ್ಚಿಟ್ಟು ಸುಳ್ಳು ಹೇಳಿದರೆ ಮುಂದಿನ ವೀಸಾಗಳಿಗೂ ಕುತ್ತು.

ಪೌರತ್ವ ಸಿಕ್ಕಿತು ಎಂದುಕೊಳ್ಳೋಣ. ಅದರಿಂದ ಹೆತ್ತವರಿಗೆ ಗ್ರೀನ್ ಕಾರ್ಡ್ ಬರುತ್ತದೆ ಎಂಬುದು ಊರಲ್ಲಿ ಬಹಳ ಹರಡಿದ ನಂಬಿಕೆ. ಮಗುವಿಗೆ 21 ವರ್ಷ ತುಂಬುವವರೆಗೆ ಅದು ಹೆತ್ತವರ ಪರವಾಗಿ ಅರ್ಜಿ ಹಾಕುವಂತಿಲ್ಲ. ಅಲ್ಲಿಯವರೆಗೆ ಅಪ್ಪನ ಕೆಲಸ ಹೋದರೆ ಮಗು ಅಮೆರಿಕದ ಪ್ರಜೆ ಎಂಬ ಕಾರಣಕ್ಕೆ ಯಾರೂ ಅಪ್ಪನನ್ನು ಅಲ್ಲಿ ಉಳಿಸಿಕೊಳ್ಳುವುದಿಲ್ಲ.

ಅಮೆರಿಕದ ಪ್ರಜೆ ಅಲ್ಲಿಗೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟನ್ನೇ ಬಳಸಬೇಕು. ಭಾರತದ ನೋಂದಣಿಗೆ ಬೇರೆ ಪಾಸ್‌ಪೋರ್ಟ್ ಇರಬಾರದು. ಹೀಗಾಗಿ ಬಹುತೇಕ ಕುಟುಂಬಗಳು ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಭಾರತಕ್ಕೆ ಬರಲು ಒಸಿಐ ಕಾರ್ಡ್ ಮಾಡಿಸುತ್ತವೆ. ಇದನ್ನು ಮಾತಿನಲ್ಲಿ "ಎರಡೂ ದೇಶದ ಪೌರತ್ವ" ಎನ್ನುವುದುಂಟು. ಹಾಗಲ್ಲ. ಒಸಿಐ ಎಂದರೆ ಜೀವನಪೂರ್ತಿ ಭಾರತಕ್ಕೆ ಬಂದುಹೋಗುವ ಅನುಮತಿ ಮತ್ತು ಕೆಲವು ಸವಲತ್ತು. ಮತದಾನದ ಹಕ್ಕು ಇಲ್ಲ.

ನಮ್ಮ ಕಡೆಯವರಿಗೆ ಮುಖ್ಯವಾದ ಎರಡು ಸಂಗತಿ ಇಲ್ಲಿವೆ. ಒಂದು ಹೊಲ. ಒಸಿಐ ಇರುವವರು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ. ಅಜ್ಜನ ಹೊಲ ವಾರಸುದಾರಿಕೆಯಿಂದ ಬಂದರೆ ಅಡ್ಡಿಯಿಲ್ಲ, ಆದರೆ ಪಕ್ಕದ ಎರಡು ಎಕರೆಯನ್ನು ಸೇರಿಸಿಕೊಳ್ಳಲಾಗದು. ಹೊರದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಗೂ ಈ ನಿರ್ಬಂಧ ಇದೆ, ಆದರೆ ಅವರು ಊರಿಗೆ ಬಂದು ನೆಲೆಸಿದರೆ ಅದು ಹೋಗುತ್ತದೆ. ಎರಡನೆಯದು ಡಾಕ್ಟರ್ ಸೀಟು. 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆಯ ಪ್ರಕಾರ ಒಸಿಐ ವಿದ್ಯಾರ್ಥಿಗಳು ನೀಟ್ ಬರೆದರೂ ಭಾರತೀಯ ಪ್ರಜೆಗಳಿಗೆ ಮೀಸಲಾದ ಸೀಟುಗಳಿಗೆ ಅರ್ಹರಲ್ಲ. ಅವರಿಗೆ ಅನಿವಾಸಿ ಕೋಟಾ ಅಥವಾ ಹೆಚ್ಚುವರಿ ಸೀಟುಗಳು ಮಾತ್ರ. ಆ ದಿನಕ್ಕಿಂತ ಮೊದಲೇ ಒಸಿಐ ಪಡೆದವರಿಗೆ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಈಗ ಹುಟ್ಟುವ ಮಕ್ಕಳಿಗೆ ಆ ವಿನಾಯಿತಿ ಇಲ್ಲ. ಐದಾರು ವರ್ಷಕ್ಕೆ ಊರಿಗೆ ಮರಳುವ ಯೋಚನೆ ಇರುವ ದಂಪತಿ ಇದನ್ನು ತಿಳಿದೇ ತೀರ್ಮಾನಿಸಬೇಕು.

ಮಗು ಒಂದು ದೇಶದ್ದು, ಹೆತ್ತವರು ಇನ್ನೊಂದು ದೇಶದವರು ಎಂಬ ಸ್ಥಿತಿಯ ತೊಡಕು 2020ರ ಮೇ ತಿಂಗಳಲ್ಲಿ ಎದ್ದು ಕಂಡಿತು. ಕೊರೊನಾ ಕಾಲದಲ್ಲಿ ಭಾರತ ತನ್ನ ಪ್ರಜೆಗಳನ್ನು ವಿಮಾನದಲ್ಲಿ ಕರೆತರುತ್ತಿದ್ದಾಗ ಒಸಿಐ ಸೌಲಭ್ಯ ಅಮಾನತಿನಲ್ಲಿತ್ತು. ತಾಯಿ-ತಂದೆ ಹತ್ತಬಹುದಿತ್ತು, ಅಮೆರಿಕದ ಪಾಸ್‌ಪೋರ್ಟಿನ ಕೂಸು ಹತ್ತುವಂತಿರಲಿಲ್ಲ. ಮೇ 22ರಂದು ಗೃಹ ಸಚಿವಾಲಯ ಇಂಥ ಮಕ್ಕಳಿಗೆ ವಿನಾಯಿತಿ ಕೊಟ್ಟಿತು.

ಆಸ್ಪತ್ರೆಯ ಬಿಲ್ಲು ಯಾರ ಮೇಲೆ?

ಪೌರತ್ವಕ್ಕೂ ವೈದ್ಯಕೀಯ ವೆಚ್ಚಕ್ಕೂ ಸಂಬಂಧವಿಲ್ಲ. ಮಗು ಆ ದೇಶದ್ದಾದರೂ ಬಿಲ್ಲು ತಾಯಿಯ ವಿಮೆಯನ್ನೇ ನೋಡುತ್ತದೆ.

ಅಮೆರಿಕದಲ್ಲಿ ದೊಡ್ಡ ಕಂಪನಿಗಳ ವಿಮೆ ಇರುವ ಮಹಿಳೆಯರ ಖರ್ಚನ್ನು ಪೀಟರ್ಸನ್ ಸೆಂಟರ್ ಮತ್ತು ಕೆಎಫ್‌ಎಫ್ ಸಂಸ್ಥೆಗಳು 2022ರಲ್ಲಿ ಲೆಕ್ಕ ಹಾಕಿದ್ದವು. ಬಸಿರು, ಹೆರಿಗೆ, ನಂತರದ ಆರೈಕೆ ಸೇರಿ ಸರಾಸರಿ 18,865 ಡಾಲರ್. ಅದರಲ್ಲಿ ಕೈಯಿಂದ ಕೊಡಬೇಕಾದದ್ದು 2,854 ಡಾಲರ್. ವಿಮೆ ಇದ್ದರೂ ಇಷ್ಟು. ವಿಮೆ ಹಣ ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತ ಹಲವು ಪಾಲಿಸಿಗಳಲ್ಲಿ ಪ್ರತಿ ಜನವರಿಗೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಬಸಿರು ಎರಡು ಕ್ಯಾಲೆಂಡರ್ ವರ್ಷಕ್ಕೆ ಹರಡಿದರೆ ಅದನ್ನು ಎರಡು ಸಲ ಕಟ್ಟಬೇಕಾಗಬಹುದು. ಕೂಸು ಹುಟ್ಟಿದ 30 ದಿನದೊಳಗೆ ಅದರ ಹೆಸರನ್ನು ಕಂಪನಿಯ ವಿಮೆಗೆ ಸೇರಿಸಲು ಕೇಳಿದರೆ ಹುಟ್ಟಿದ ದಿನದಿಂದಲೇ ರಕ್ಷಣೆ ಸಿಗುತ್ತದೆ. ಈ ಗಡುವು ತಪ್ಪಿದರೆ, ಅದರಲ್ಲೂ ಅವಧಿಗೆ ಮುಂಚೆ ಹುಟ್ಟಿ ತೀವ್ರ ನಿಗಾ ಘಟಕದಲ್ಲಿದ್ದ ಮಗುವಿನ ವಿಷಯದಲ್ಲಿ, ಬಿಲ್ಲು ಮನೆತನವನ್ನೇ ಅಲ್ಲಾಡಿಸಬಲ್ಲದು.

ಬ್ರಿಟನ್ನಿನಲ್ಲಿ ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬೇರೆ ಬಿಲ್ಲು ಇಲ್ಲ. ಪ್ರವಾಸಿಯಾಗಿ ಹೋದವರಿಗೆ ಚಿಕಿತ್ಸೆ ನಿರಾಕರಿಸುವುದಿಲ್ಲ, ಆದರೆ ನಿಗದಿತ ದರದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ಜರ್ಮನಿಯ ಸಾರ್ವಜನಿಕ ವಿಮೆ ಹೆರಿಗೆಯ ಜೊತೆಗೆ ಮನೆಗೆ ಬಂದು ನೋಡುವ ಸೂಲಗಿತ್ತಿಯ ವೆಚ್ಚವನ್ನೂ ಭರಿಸುತ್ತದೆ. ಊರಲ್ಲಿ ಸೂಲಗಿತ್ತಿಯರು ಮರೆಯಾಗುತ್ತಿರುವ ಹೊತ್ತಿನಲ್ಲಿ ಅಲ್ಲಿ ಅವರು ತರಬೇತಿ ಪಡೆದು ಮನೆಬಾಗಿಲಿಗೆ ಬರುತ್ತಾರೆ!

ನೆನಪಿಡಬೇಕಾದ ಇನ್ನೊಂದು ಮಾತು: ಭಾರತದಲ್ಲಿ ಕೊಳ್ಳುವ ಪ್ರವಾಸ ವಿಮೆಗಳು ಸಾಮಾನ್ಯವಾಗಿ ಹೆರಿಗೆಯ ಖರ್ಚನ್ನು ಹೊರಗಿಟ್ಟಿರುತ್ತವೆ.

ತವರಿಗೆ ಬಂದರೆ?

ಇದು ಹಳೆಯ ಕಾಲದ ಯೋಚನೆ ಎಂದು ತಳ್ಳಿಹಾಕುವಂಥದ್ದಲ್ಲ. ಹೆತ್ತವರಿಬ್ಬರೂ ಭಾರತೀಯರಾಗಿದ್ದು ಮಗು ಬಾಗಲಕೋಟೆಯಲ್ಲಿ ಹುಟ್ಟಿದರೆ ಅದರ ಪೌರತ್ವದಲ್ಲಿ ಯಾವ ಗೊಂದಲವೂ ಇಲ್ಲ. 21 ದಿನದೊಳಗೆ ಜನನ ನೋಂದಣಿ, ನಂತರ ಪಾಸ್‌ಪೋರ್ಟ್, ನಂತರ ಅಪ್ಪ-ಅವ್ವ ಇರುವ ದೇಶದ ಅವಲಂಬಿತ ವೀಸಾ. ಪಾಸ್‌ಪೋರ್ಟಿಗೆ ತಂದೆಯ ಒಪ್ಪಿಗೆ ಪತ್ರ ಬೇಕಾಗುವುದರಿಂದ ಅದನ್ನು ಅವರು ಅಲ್ಲಿಂದಲೇ ಸಿದ್ಧಮಾಡಿ ಕಳಿಸಬೇಕು. ತೊಡಕು ಸಮಯದ್ದು. ಸಾಮಾನ್ಯವಾಗಿ ವಿಮಾನ ಕಂಪನಿಗಳು 28 ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ವಾರದ ಹೊತ್ತಿಗೆ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಇದ್ದರೆ ಇನ್ನೂ ಬೇಗ. ಏಳನೇ ತಿಂಗಳಿನ ಕುಬಸಕ್ಕೆ ಬರುವುದಾದರೆ ಟಿಕೆಟ್ಟನ್ನು ಈ ಲೆಕ್ಕದಲ್ಲೇ ತೆಗೆಸಬೇಕು. ದೂರದ ಪ್ರಯಾಣದಲ್ಲಿ ಬಸುರಿಯರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಹಾಗಾಗಿ ನಡುನಡುವೆ ಎದ್ದು ಓಡಾಡಬೇಕು. ಊರಿನ ಆರೋಗ್ಯ ವಿಮೆಯನ್ನು ಬಸಿರಾದ ಮೇಲೆ ಮಾಡಿಸಿದರೆ ಹೆರಿಗೆಗೆ ಬರುವುದು ಕಷ್ಟ, ಬಹುತೇಕ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ.

ಅಲ್ಲೇ ಹುಟ್ಟಿದ ಮಗುವಿನ ಜೊತೆ ಊರಲ್ಲಿ ನೆಲೆಸಲು ಬರುವವರಿಗೂ ಒಂದು ದಾರಿ ಇದೆ. ಭಾರತೀಯ ಕಚೇರಿಯಲ್ಲಿ ಜನನ ನೋಂದಣಿ ಆಗಿರದಿದ್ದರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿ ನೋಂದಾಯಿಸಬಹುದು ಎಂದು 1969ರ ಜನನ-ಮರಣ ನೋಂದಣಿ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಇದು ಜನನದ ದಾಖಲೆ ಮಾತ್ರ, ಪೌರತ್ವದ ನೋಂದಣಿಯ ಬದಲಿಯಲ್ಲ.

ಕೊನೆಗೆ ಹೆಸರಿನ ವಿಷಯ. ನಮ್ಮಲ್ಲಿ ಹನ್ನೆರಡೋ ಹದಿಮೂರೋ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಜನನವನ್ನು ಮೂರು ದಿನದೊಳಗೆ ಹೆಸರಿನ ಸಮೇತ ನೋಂದಾಯಿಸಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಅರ್ಜಿ ಮುಂದಿಡುತ್ತಾರೆ. ಇಂಗ್ಲೆಂಡ್ ಮಾತ್ರ 42 ದಿನ ಕೊಡುತ್ತದೆ. ಆಮೇಲೆ ಹೆಸರೋ ಅಡ್ಡಹೆಸರೋ ಬದಲಾದರೆ ಜನನ ಪ್ರಮಾಣಪತ್ರ, ಎಂಬಸಿ ದಾಖಲೆ, ಪಾಸ್‌ಪೋರ್ಟ್ ಮೂರನ್ನೂ ತಿದ್ದಿಸಬೇಕು. ಗಂಡು-ಹೆಣ್ಣು ಎರಡಕ್ಕೂ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ. ತೊಟ್ಟಿಲ ದಿನ ಸೋದರತ್ತೆ ವಿಡಿಯೊ ಕರೆಯಲ್ಲಿ ಅದನ್ನೇ ಕೂಗಿದರಾಯಿತು.